ಶೇಕ್ಸ್‌ಪಿಯರನ ಬದುಕನ್ನು ಬೇಸಿಗೆ ಶಿಬಿರದ ಮಕ್ಕಳಿಗೆ ಹೇಳಿಕೊಡುವುದು ಹೇಗೆ?

ಬೇಸಿಗೆ_ಶಿಬಿರ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ. ಏಪ್ರಿಲ್ ರಜೆಯಲ್ಲಿ ಕಲಬುರಗಿಯ ನಮ್ಮ ಬಡಾವಣೆಯ ಮಕ್ಕಳಿಗೆ ಶಿಬಿರ ಇಟ್ಟುಕೊಂಡಿದ್ದೇವೆ. 9ರಿಂದ 12 ವರ್ಷದ 25 ಮಕ್ಕಳು, ಹೆಚ್ಚಿನವರು ಕನ್ನಡ ಮಾಧ್ಯಮದವರು. ಬಿಸಿಲು ಏರುವ ಮೊದಲೇ ಮುಗಿಸಬೇಕು, ಆದ್ದರಿಂದ ಬೆಳಿಗ್ಗೆ 7ರಿಂದ 9. ಇದರಲ್ಲಿ ಐದು ದಿನ ಶೇಕ್ಸ್‌ಪಿಯರನಿಗೆ ಮೀಸಲು. ಕೊನೆಯ ದಿನ ಏಪ್ರಿಲ್ 23ಕ್ಕೆ ಬರುತ್ತದೆ.

ಕೇಳಬೇಕಾದದ್ದು ಇಷ್ಟು. ಮೊದಲು ಬದುಕು ಹೇಳಬೇಕೋ ನಾಟಕದ ಕಥೆ ಹೇಳಬೇಕೋ? ಅವನ ಬಗ್ಗೆ ಕೇಳಿಬರುವುದರಲ್ಲಿ ಯಾವುದು ಖರೆ, ಯಾವುದು ಕಟ್ಟುಕಥೆ? ಮಕ್ಕಳ ಕೈಯಿಂದ ಏನು ಮಾಡಿಸಬಹುದು? ಪ್ಲೇಗು, ಮಗನ ಸಾವು ಇವನ್ನು 9 ವರ್ಷದ ಮಗುವಿಗೆ ಹೇಳಬೇಕೇ, ಹೇಳುವುದಾದರೆ ಹೇಗೆ? ಖರ್ಚು ಕಡಿಮೆ ಇರಲಿ. ಪ್ರೊಜೆಕ್ಟರ್ ಇಲ್ಲ.

ಇತಿಹಾಸದ_ಮೇಷ್ಟ್ರು (ಬೀದರ್)

ಬದುಕಿನಿಂದಲೇ ಶುರು ಮಾಡಿ. ಆದರೆ ‘ಮಹಾಕವಿ’, ‘ವಿಶ್ವಕವಿ’ ಎಂದು ಆರಂಭಿಸಬೇಡಿ. ಆ ಮಾತು ಬಿದ್ದ ಕೂಡಲೇ ಮಕ್ಕಳು ಕೈಕಟ್ಟಿ ಕೂರುತ್ತಾರೆ, ಪ್ರಶ್ನೆ ನಿಂತುಹೋಗುತ್ತದೆ. ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಪೇಟೆಯಲ್ಲಿ ಚರ್ಮದ ಕೈಗವಸು ಹೊಲಿದು ಮಾರುವವನೊಬ್ಬನ ಮನೆ, ಎಂಟು ಮಕ್ಕಳಲ್ಲಿ ಇವನು ಮೂರನೆಯವನು, ಇವನಿಗಿಂತ ಮೊದಲು ಹುಟ್ಟಿದ ಇಬ್ಬರು ಅಕ್ಕಂದಿರೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು ಎಂಬಲ್ಲಿಂದ ಶುರುವಾಗಲಿ. ‘ಕಡುಬಡವನ ಮಗ’ ಎಂದು ಹೇಳುವುದು ತಪ್ಪು. ತಂದೆ ಜಾನ್ 1568ರಲ್ಲಿ ಆ ಊರಿನ ಬೇಲಿಫ್ ಆಗಿದ್ದ, ಈಗಿನ ಲೆಕ್ಕದಲ್ಲಿ ಮೇಯರ್. ಆಮೇಲೆ ಮನೆಯ ಸ್ಥಿತಿ ಇಳಿಯಿತು.

ಖರೆ ಯಾವುದು ಎಂಬ ನಿಮ್ಮ ಪ್ರಶ್ನೆಯನ್ನೇ ಮೊದಲ ದಿನದ ಆಟ ಮಾಡಿಬಿಡಿ. ಮೂರು ಬಣ್ಣದ ಚೀಟಿ ಬೇಕು. ದಾಖಲೆ ಇರುವುದಕ್ಕೆ ಹಸಿರು, ಸಾಕ್ಷ್ಯದ ಮೇಲೆ ಊಹಿಸಿದ್ದಕ್ಕೆ ಹಳದಿ, ಬರೀ ಬಾಯಿಮಾತಿಗೆ ಕೆಂಪು. 1564ರ ಏಪ್ರಿಲ್ 26ರಂದು ಚರ್ಚಿನಲ್ಲಿ ಮಗುವಿಗೆ ದೀಕ್ಷಾಸ್ನಾನವಾದದ್ದು ರಿಜಿಸ್ಟರಿನಲ್ಲಿದೆ, ಅದು ಹಸಿರು. ಹುಟ್ಟಿದ್ದು 23ಕ್ಕೆ ಎನ್ನುವುದು ಹಳದಿ. ಆಗ ಹುಟ್ಟಿದ ಕೆಲವೇ ದಿನಕ್ಕೆ ದೀಕ್ಷಾಸ್ನಾನ ಮಾಡಿಸುತ್ತಿದ್ದರು ಎಂಬುದರ ಮೇಲೆ, ತೀರಿಕೊಂಡದ್ದೂ 1616ರ ಏಪ್ರಿಲ್ 23 ಎಂಬುದನ್ನು ಜೋಡಿಸಿ ರೂಢಿಗೆ ಬಂದ ದಿನ ಅದು. ಊರಿನ ಗ್ರಾಮರ್ ಸ್ಕೂಲಿನಲ್ಲಿ ಓದಿದ ಎನ್ನುವುದೂ ಹಳದಿಯೇ, ಏಕೆಂದರೆ ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ. ಸಾಹುಕಾರನ ಜಿಂಕೆ ಕದ್ದು ಊರು ಬಿಟ್ಟ, ಲಂಡನ್ನಿನಲ್ಲಿ ನಾಟಕಶಾಲೆಯ ಹೊರಗೆ ಕುದುರೆ ಹಿಡಿದು ನಿಲ್ಲುತ್ತಿದ್ದ ಎಂಬ ಎರಡೂ ಕೆಂಪು. ಅವನು ಸತ್ತ ಎಷ್ಟೋ ಕಾಲದ ಮೇಲೆ ಹುಟ್ಟಿಕೊಂಡ ಕಥೆಗಳವು. ಕೆಂಪು ಚೀಟಿಯನ್ನು ಬಿಸಾಡಿಸಬೇಡಿ, ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಆದರೆ ಚೀಟಿ ಅಂಟಿಸುವ ಮಗುವನ್ನು ಪ್ರತಿ ಸಲ ಒಂದೇ ಪ್ರಶ್ನೆ ಕೇಳಿ: ‘ಇದನ್ನು ಬರೆದಿಟ್ಟವರು ಯಾರು, ಯಾವಾಗ?’ ಈ ಪ್ರಶ್ನೆ ಬಿಟ್ಟರೆ ಎಲ್ಲ ಚೀಟಿಯೂ ಹಸಿರಾಗಿಬಿಡುತ್ತದೆ.

ಚೀಟಿ ತೂಗುಹಾಕಲು ಕಾಲದ ಹಗ್ಗ ಕಟ್ಟಿ. ಒಂದು ವರ್ಷಕ್ಕೆ 10 ಸೆಂ.ಮೀ. 1564ರಿಂದ 1623ರವರೆಗೆ 5 ಮೀಟರ್ 90 ಸೆಂ.ಮೀ. ಆಗುತ್ತದೆ, ಕಟ್ಟುವುದಕ್ಕೂ ಸೇರಿ 7 ಮೀಟರ್ ಹಗ್ಗ ತಂದರೆ ಸಾಕು. ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದ್ದರೆ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಗ್ಗ ನಡುವೆ ಜೋತುಬಿದ್ದು ಕ್ಲಿಪ್ಪುಗಳೆಲ್ಲ ಮಧ್ಯಕ್ಕೆ ಜಾರಿ ಬರುವುದು ಸಾಮಾನ್ಯ ತೊಂದರೆ. ಹತ್ತು ವರ್ಷಕ್ಕೊಂದು ಕೆಂಪು ದಾರದ ಗಂಟು ಹಾಕಿ, ನಡುವೆ ಒಂದು ಮೊಳೆಗೆ ಸಿಕ್ಕಿಸಿದರೆ ನಿಲ್ಲುತ್ತದೆ.

ಅದರ ಕೆಳಗೆ ಅದೇ ಅಳತೆಯ ಇನ್ನೊಂದು ಹಗ್ಗ ನಮ್ಮ ಕಡೆಯದು. ಮಕ್ಕಳಿಗೆ ಆ ಕಾಲ ಕೈಗೆ ಸಿಗುವುದು ಇದರಿಂದಲೇ. ಪುರಂದರದಾಸರು ಕಾಲವಾದ ವರ್ಷವೆಂದು ಸಂಪ್ರದಾಯ ಹೇಳುವ 1564ರಲ್ಲೇ ಇವನು ಹುಟ್ಟಿದ (ಇದಕ್ಕೆ ಹಳದಿ ಚೀಟಿ). ಇವನಿಗೆ ಒಂಬತ್ತು ತಿಂಗಳಾಗಿದ್ದಾಗ, 1565ರ ಜನವರಿಯಲ್ಲಿ, ರಕ್ಕಸತಂಗಡಿ ಕಾಳಗ ನಡೆದು ವಿಜಯನಗರ ಸೋತಿತು. ಇವನು ಬಾಲಕನಾಗಿದ್ದಾಗ ಬೀದರಿನಲ್ಲಿ ಅಲಿ ಬರೀದ್ ಶಾಹನ ಆಳ್ವಿಕೆ. ಕೋಟೆಯ ರಂಗೀನ್ ಮಹಲಿನ ಚಿಪ್ಪಿನ ಕೆತ್ತನೆ ನೋಡಿದ ಮಕ್ಕಳಿದ್ದರೆ ಅವರ ಕೈಯಲ್ಲೇ ಆ ಚೀಟಿ ಬರೆಸಿ. 1580ರಲ್ಲಿ ವಿಜಯಪುರದ ಗದ್ದುಗೆಗೆ ಬಂದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಗಿನ್ನೂ ಹುಡುಗ. 1591ರಲ್ಲಿ ಚಾರ್ಮಿನಾರ್ ಎದ್ದಾಗ ಶೇಕ್ಸ್‌ಪಿಯರನಿಗೆ 27. 1619ಕ್ಕೆ ಬೀದರ್ ವಿಜಯಪುರದ ಪಾಲಾಯಿತು.

ಒಂದು ಜಾಗ ಮಾತ್ರ ಖಾಲಿ ಬಿಡಲೇಬೇಕು. 1585ರ ಫೆಬ್ರವರಿಯಲ್ಲಿ ಶೇಕ್ಸ್‌ಪಿಯರನ ಅವಳಿ ಮಕ್ಕಳ ದೀಕ್ಷಾಸ್ನಾನವಾದ ಮೇಲೆ 1592ರವರೆಗೆ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ತಿಳಿಸುವ ದಾಖಲೆ ಇಲ್ಲವೆಂದೇ ಹೇಳಬೇಕು. ಹಗ್ಗದ ಮೇಲೆ ಅದು 70 ಸೆಂ.ಮೀ. ಅಲ್ಲಿ ಏನಾಗಿರಬಹುದು ಎಂದು ಮಕ್ಕಳು ತಾವೇ ಬರೆದ ಚೀಟಿ ಹಾಕಲಿ, ಎಲ್ಲವೂ ಕೆಂಪು. ಮುಂದೆ 1592ರಲ್ಲಿ ಹಸಿರು ಚೀಟಿ ಸಿಗುತ್ತದೆ. ರಾಬರ್ಟ್ ಗ್ರೀನ್ ಎಂಬ ನಾಟಕಕಾರನ ಹೆಸರಿನಲ್ಲಿ ಬಂದ ಕಿರುಹೊತ್ತಗೆಯೊಂದು ಇವನನ್ನು ‘ನಮ್ಮ ಗರಿಗಳಿಂದ ಸಿಂಗರಿಸಿಕೊಂಡ ಕಾಗೆ’ ಎಂಬ ಅರ್ಥದಲ್ಲಿ ಹೀಗಳೆಯುತ್ತದೆ. ಲಂಡನ್ನಿನಲ್ಲಿ ಅವನು ಹೆಸರು ಮಾಡುತ್ತಿದ್ದ ಎಂಬುದಕ್ಕೆ ನಮಗೆ ಸಿಗುವ ಮೊದಲ ಸಾಕ್ಷಿ ಒಂದು ಬೈಗುಳ. ಮಕ್ಕಳು ಇದನ್ನು ಮರೆಯುವುದಿಲ್ಲ.

ರಂಗದ_ಕೆಲಸ (ಶಹಾಪುರ)

ಮೇಷ್ಟ್ರು ಹೇಳಿದ್ದು ಬರೋಬ್ಬರಿ ಅದ. ಕೈಕೆಲಸದ ಬಗ್ಗೆ ನಾ ಹೇಳ್ತೀನಿ.

ಶೇಕ್ಸ್‌ಪಿಯರನ ಕಂಪನಿ ನಾಟಕ ಆಡ್ತಿದ್ದ ಗ್ಲೋಬ್ ನಾಟಕಶಾಲಿ ಚಿತ್ರದಾಗ ತೋರಸಬ್ಯಾಡ್ರಿ, ಮೈದಾನದಾಗ ಅದರ ಖರೇ ಅಳತಿ ಗೆರಿ ಹಾಕ್ರಿ. ಲಂಡನ್ನಿನಾಗ ಹಳೇದರಂಗ ಕಟ್ಟಿ 1997ಕ್ಕ ತೆರೆದ ಈಗಿನ ಗ್ಲೋಬ್‌ಗೆ 20 ಮೂಲಿ, ಅಡ್ಡಳತಿ ಸುಮಾರು 30 ಮೀಟರ್. ನಡುವ ಒಂದು ಗೂಟ ಹೊಡೆದು 15 ಮೀಟರ್ ಹಗ್ಗದಿಂದ ಸುತ್ತು ಹಾಕ್ರಿ. ಆ ಸುತ್ತಿನ ಮ್ಯಾಲ 4 ಮೀಟರ್ 69 ಸೆಂ.ಮೀ.ದ ಇನ್ನೊಂದು ಹಗ್ಗ ಇಟ್ಕೋತ ಹೋದ್ರ 20 ಮೂಲಿ ತಾನೇ ಬೀಳ್ತಾವ. ನೈಲಾನ್ ಹಗ್ಗ ತಗೋಬ್ಯಾಡ್ರಿ. ಅದು ಎಳೆದಂಗ ಹಿಗ್ಗತದ, ಕಡೀ ಮೂಲಿ ಮೊದಲಿನ ಮೂಲಿಗಿ ಕೂಡೂದಿಲ್ಲ. ಸೆಣಬಿನ ಹುರಿ ಚೊಲೋ. ಒಳಗ 11 ಮೀಟರ್ ಹಗ್ಗದಿಂದ ಇನ್ನೊಂದು ಸುತ್ತು ಹಾಕ್ರಿ. ಎರಡೂ ಸುತ್ತಿನ ನಡುವಿಂದು ಕೂಡೋ ಮಂದಿಯ ಮೂರಂತಸ್ತಿನ ಜಾಗ, ಒಳಗಿಂದು ನಿಂತು ನೋಡೋ ಅಂಗಳ. ರಂಗ 13 ಮೀಟರ್ ಅಗಲ, 8 ಮೀಟರ್ ಮುಂದಕ್ಕ ಬರ್ತದ. ಗೆರಿ ಎಳೆದಾಗ ನೋಡ್ರಿ, ರಂಗದ ಅಂಚು ಅಂಗಳದ ನಟ್ಟನಡುವಿಗೇ ಬಂದು ನಿಲ್ತದ. ನಟನ ಮೂರೂ ಕಡೆ ಮಂದಿ. ಒಂದು ಹುಡುಗಿನ್ನ ಆ ಅಂಚಿನ ಮ್ಯಾಲ ನಿಲ್ಲಿಸಿ, ಉಳಿದವ್ರನ್ನ ಸುತ್ತ ನಿಲ್ಲಿಸಿ, ಮೈಕ್ ಇಲ್ಲದ ಎರಡು ಮಾತು ಹೇಳಸ್ರಿ. ಯಾರಿಗೆ ಬೆನ್ನು ಮಾಡಬೇಕು, ದನಿ ಎಷ್ಟು ಎತ್ತಬೇಕು ಅಂತ ಆಕಿಗೇ ಗೊತ್ತಾಗ್ತದ. ಹಿಂದಿನ ದಿನ ಸಂಜಿಮುಂದ ಗೆರಿ ಹಾಕಿಡ್ರಿ. ಸುಣ್ಣ ಮಕ್ಕಳ ಕೈಗೆ ಕೊಡಬ್ಯಾಡ್ರಿ, ಕಣ್ಣಿಗೆ ಬಿದ್ರ ಸುಡ್ತದ. ಅವರಿಗೆ ರಂಗೋಲಿ ಪುಡಿ ಸಾಕು.

ಬಾಗಿಲದಾಗ ಒಂದು ಮಣ್ಣಿನ ಹುಂಡಿ ಇಟ್ಟು, ಒಬ್ಬೊಬ್ರಿಗೆ ಮೂರು ಹುಣಸಿ ಬೀಜ ಕೊಡ್ರಿ. ಒಂದು ಬೀಜ ಅಂದ್ರ ಒಂದು ಪೆನ್ನಿ: ಅಂಗಳದಾಗ ನಿಲ್ಲೂದು. ಎರಡು ಹಾಕಿದ್ರ ಮ್ಯಾಲ ಕೂಡೂದು. ಮೂರು ಹಾಕಿದ್ರ ಕೂಡಾಕ ದಿಂಬು. ಆಟ ಮಧ್ಯಾಹ್ನದ ಬೆಳಕಿನಾಗ ನಡೀತಿತ್ತು, ದೀಪದ ಆಟ ಇಲ್ಲ, ಹೆಣ್ಣುಪಾತ್ರ ಹುಡುಗ್ರೇ ಮಾಡ್ತಿದ್ರು. ನಮ್ಮ ದೊಡ್ಡಾಟದ ಊರಿನ ಮಕ್ಕಳಿಗೆ ಇದನ್ನ ಭಾಳ ಬಿಡಿಸಿ ಹೇಳೋ ಗರಜಿಲ್ಲ.

ಆ ಕಾಲದ ಗ್ಲೋಬ್ ಹೆಂಗ ಹುಟ್ಟಿತು ಅನ್ನೂದು ಹೇಳೇ ಹೇಳ್ರಿ. ಶೇಕ್ಸ್‌ಪಿಯರನ ಕಂಪನಿಯ ಹಳೇ ನಾಟಕಶಾಲಿ ಇದ್ದ ಜಾಗ ಬ್ಯಾರೆಯವಂದು, ಕರಾರು ಮುಗೀತು, ಮಾಲಕ ತಕರಾರು ತೆಗೆದ. ಜಾಗ ಅವಂದಾದ್ರೂ ಕಟ್ಟಿಗಿ ಕಂಪನಿಯವ್ರದು. 1598ರ ಡಿಸೆಂಬರದಾಗ, ಮಾಲಕ ಊರಾಗ ಇಲ್ಲದ ಹೊತ್ತು ನೋಡಿ, ಬಡಿಗ್ಯಾನ್ನ ಕರಕೊಂಡು ಹೋಗಿ ಇಡೀ ನಾಟಕಶಾಲಿ ಬಿಚ್ಚಿದ್ರು. ಅದೇ ತೊಲಿ, ಕಂಬ ಥೇಮ್ಸ್ ನದಿ ದಾಟಿಸಿ ಆಚಿ ದಂಡಿಮ್ಯಾಲ ಮರುವರ್ಷ ಗ್ಲೋಬ್ ಎಬ್ಬಿಸಿದ್ರು. ಜಾತ್ರಿಯಿಂದ ಜಾತ್ರಿಗೆ ಟೆಂಟ್ ಬಿಚ್ಚಿ ಲಾರಿಗೆ ಹೇರೋ ನಾಟಕ ಕಂಪನಿ ನೋಡಿದ ಮಕ್ಕಳಿಗೆ ಇದು ಗಪ್ಪನೆ ತಿಳೀತದ. ಶೇಕ್ಸ್‌ಪಿಯರ್ ಬರೀ ಬರೆಯಾವ ಅಲ್ಲ; ನಟ, ಕಂಪನಿಯ ಪಾಲುದಾರ, ಗ್ಲೋಬ್‌ನಾಗೂ ಅವಂದೊಂದು ಪಾಲಿತ್ತು. ಅವನ ಕೈಯಾಗ ರೊಕ್ಕ ಬಂದದ್ದು ಈ ಪಾಲಿನಿಂದ.

ಇನ್ನ ಮಸಿ. ಆಗ ಅವರು ಬಳಸ್ತಿದ್ದ ಮಸಿಯ ಮೂಲ ಸಾಮಾನು ನಮ್ಮ ಗಿಡಮೂಲಿಕಿ ಅಂಗಡಿಯಾಗ ಸಿಗ್ತದ: ಮಾಚಿಕಾಯಿ. ಕೂಸಿಗೆ ತೇಯ್ದು ನೆಕ್ಕಸ್ತಾರಲ್ಲ, ಅದೇ. ಅದು ಓಕ್ ಜಾತಿ ಗಿಡದ ಮ್ಯಾಲ ಹುಳ ಮಾಡಿದ ಗಂಟು. 30 ಗ್ರಾಂ ಮಾಚಿಕಾಯಿ ತರಿತರಿ ಕುಟ್ಟಿ 300 ಮಿ.ಲೀ. ಫಿಲ್ಟರ್ ನೀರಾಗ ಒಂದು ದಿನ ನೆನೆ ಇಡ್ರಿ. ಬೋರಿನ ಗಡಸು ನೀರು ಬ್ಯಾಡ. ಸಣ್ಣ ಉರಿಮ್ಯಾಲ ಅರ್ಧಕ್ಕ ಇಳಿಸಿ, ಅರಿವಿಯಾಗ ಎರಡು ಸಲ ಸೋಸ್ರಿ. ಅದಕ್ಕ 20 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ ಕಲಿಸಿದ ಕೂಡ್ಲೇ ಕಪ್ಪಾಗ್ತದ. 10 ಗ್ರಾಂ ಜಾಲಿ ಅಂಟು ಬಿಸಿನೀರಾಗ ಕರಗಿಸಿ ಕೂಡಿಸ್ರಿ. ಅಂಟಿಲ್ಲಂದ್ರ ಮಸಿ ಹಾಳಿಮ್ಯಾಲ ಹರೀತದ, ಹೆಚ್ಚಾದ್ರ ಗರಿಯಿಂದ ಇಳಿಯೂದೇ ಇಲ್ಲ. ಅನ್ನಭೇದಿ ತಿಳಿಹಸಿರು ಹರಳು ಇರಬೇಕು. ಕಂದು ಪುಡಿ ಆಗಿದ್ರ ಅದು ಹಳೇದು, ಮಸಿ ಕಂದು ಬರ್ತದ. ಬರೆದಾಗ ತೆಳ್ಳಗ ಕಾಣ್ತದ, ಗಾಳಿ ತಾಗಿ ಮರುದಿನಕ್ಕ ಕಪ್ಪಾಗ್ತದ. ಕಾಸೂದು, ಅನ್ನಭೇದಿ ಹಾಕೂದು ದೊಡ್ಡವ್ರೇ ಮಾಡಬೇಕು. ಅದು ಮಕ್ಕಳ ಹೊಟ್ಟಿಗೆ ಹೋದ್ರ ಅಪಾಯ, ಹಂಗಾಗಿ ಕುಡಿಯೋ ನೀರಿನ ಬಾಟಲಿಯಾಗ ಮಸಿ ಖಂಡಿತ ತುಂಬಬ್ಯಾಡ್ರಿ. ಬಟ್ಟಿಗಿ ಬಿದ್ದ ಕಲಿ ಹೋಗೂದಿಲ್ಲ, ಹಳೇ ಅಂಗಿ ಹಾಕ್ಕೊಂಡು ಬರ್ರಿ ಅಂತ ಮೊದಲೇ ಹೇಳ್ರಿ.

ಲೇಖನಿಗೆ ರೆಕ್ಕಿಯ ಅಂಚಿನ ದೊಡ್ಡ ಗರಿ. ಬಾತು, ಟರ್ಕಿ ಕೋಳಿದು ಸಿಕ್ರ ಚೊಲೋ. ಸಾದಾ ಕೋಳಿಗರಿಯ ಕೊಳವಿ ಸಣ್ಣದು, ಚಿಕ್ಕ ಕೈಗೆ ನಡೀತದ. ಸೋಪು ಹಾಕಿ ತೊಳೆದು ಒಣಗಿಸಿ, ತುದಿ ನೀರಾಗ ನೆನಸಿ, ಬಾಣಲಿಯಾಗಿನ ಬಿಸಿ ಉಸುಕಿನಾಗ ಕೆಲವು ಸೆಕೆಂಡ್ ಚುಚ್ಚಿ ತೆಗೀರಿ. ಇದು ಮಾಡಲಿಲ್ಲಂದ್ರ ತುದಿ ಮೆತ್ತಗಾಗಿ ಎರಡು ಸಾಲಿಗೇ ಕವಲು ಒಡೀತದ. ತುದಿ ಓರೆ ಕತ್ತರಿಸಿ, ನಡುವ 5 ಮಿ.ಮೀ. ಸೀಳು ಕೊಡ್ರಿ. ಬ್ಲೇಡಿನ ಕೆಲಸ ನಿಮ್ಮದು. ಎಡ ರೆಕ್ಕಿಯ ಗರಿ ಬಲಗೈಯವ್ರಿಗೆ ಹೊಂದತದ, ಹೊರಗ ಬಾಗಿರ್ತದ. ಬರೆಸೂದು ಏನು ಅಂದ್ರ, ಅವರವರ ಸಹಿ. ಶೇಕ್ಸ್‌ಪಿಯರಂದು ಖಾತ್ರಿ ಅನ್ನೋ ಸಹಿ ಉಳಿದದ್ದು ಆರೇ ಆರು, ಅವುಗಳ ಕಾಗುಣಿತನೂ ಒಂದೇ ಥರ ಇಲ್ಲ.

ಓದುಗೂಡು (ಯಾದಗಿರಿ)

ಸಾವಿನ ವಿಷಯ ಮುಚ್ಚಿಡಬೇಡಿ ಅಕ್ಕಾ/ಅಣ್ಣಾ. ಮುಚ್ಚಿಟ್ಟರೆ ಈ ಮನುಷ್ಯನ ಬದುಕಿನ ಅರ್ಧ ಕಾಣುವುದೇ ಇಲ್ಲ. 1564ರ ಜುಲೈನಲ್ಲಿ, ಇವನು ಮೂರು ತಿಂಗಳ ಕೂಸಾಗಿದ್ದಾಗ, ‘ಪ್ಲೇಗು ಇಲ್ಲಿಂದ ಶುರುವಾಯಿತು’ ಎಂದು ಸ್ಟ್ರಾಟ್‌ಫರ್ಡಿನ ಚರ್ಚಿನ ಪುಸ್ತಕದಲ್ಲಿ ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ. 1592ರಿಂದ 1594ರ ನಡುವೆ ಪ್ಲೇಗಿನಿಂದ ಲಂಡನ್ನಿನ ನಾಟಕಶಾಲೆಗಳು ಹೆಚ್ಚಿನ ಕಾಲ ಮುಚ್ಚಿಯೇ ಇದ್ದವು. ಕೊರೊನಾದಲ್ಲಿ ಟಾಕೀಸು, ಶಾಲೆ ಮುಚ್ಚಿದ್ದನ್ನು ಮನೆಯ ದೊಡ್ಡವರಿಂದ ಕೇಳಿ ಬರಲು ಹೇಳಿ, ಮರುದಿನ ಇದನ್ನು ಹೇಳಿ. ನಾಟಕ ನಿಂತ ಆ ಹೊತ್ತಿನಲ್ಲಿ ಅವನು ಎರಡು ದೀರ್ಘ ಕಾವ್ಯ ಅಚ್ಚು ಹಾಕಿಸಿದ, 1593ರಲ್ಲೊಂದು, 1594ರಲ್ಲೊಂದು.

ಮಗ ಹ್ಯಾಮ್ನೆಟ್‌ನನ್ನು 1596ರ ಆಗಸ್ಟ್ 11ರಂದು ಮಣ್ಣು ಮಾಡಿದರು. 11 ವರ್ಷ, ನಿಮ್ಮ ಶಿಬಿರದ ಮಕ್ಕಳ ವಯಸ್ಸೇ. ಎರಡು ವಾಕ್ಯದಲ್ಲಿ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ, ಮಕ್ಕಳು ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಯಾವ ರೋಗ ಎಂದು ಖಂಡಿತ ಕೇಳುತ್ತಾರೆ. ಬರೆದಿಟ್ಟಿಲ್ಲ ಎಂಬುದೇ ಉತ್ತರ. ‘ಪ್ಲೇಗಿನಿಂದ ಸತ್ತ, ಅದಕ್ಕೇ ಅಪ್ಪ ಹ್ಯಾಮ್ಲೆಟ್ ನಾಟಕ ಬರೆದ’ ಎಂದು ಎಷ್ಟೋ ಕಡೆ ಖಚಿತವಾಗಿ ಹೇಳಿಬಿಡುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ ಅದಕ್ಕೆ ಹಸಿರು ಚೀಟಿ ಸಿಗುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗು ಇದೆಯೇ ಎಂದು ಮೊದಲೇ ಪಾಲಕರಿಂದ ತಿಳಿದುಕೊಳ್ಳಿ. ಇದ್ದರೆ ಆ ಮಗುವಿನ ಪಕ್ಕದಲ್ಲಿ ಒಬ್ಬರು ಕುಳಿತಿರಲಿ. ಆ ದಿನವನ್ನು ಇದರ ಮೇಲೆ ಮುಗಿಸಬೇಡಿ, ಉಳಿದ ಹೊತ್ತು ನಾಟಕದ ತಾಲೀಮಿಗೆ ಇಟ್ಟುಕೊಳ್ಳಿ.

ಯಾವ ನಾಟಕ ಅಂದರೆ, ಈ ವಯಸ್ಸಿಗೆ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನ ಕಸುಬುದಾರರ ಭಾಗ. ಇಡೀ ನಾಟಕ ಬೇಡ. ಬಡಿಗ, ನೇಕಾರ, ತಿದಿ ರಿಪೇರಿಯವ, ಪಾತ್ರೆಗೆ ತೇಪೆ ಹಾಕುವವ, ಮರಗೆಲಸದ ಇನ್ನೊಬ್ಬ, ದರ್ಜಿ: ಹೀಗೆ ಆರು ಜನ ಕೂಡಿ ರಾಜನ ಮದುವೆಗೆ ನಾಟಕ ಆಡಲು ಹೊರಡುತ್ತಾರೆ. ಒಬ್ಬ ಗೋಡೆಯಾಗಿ ನಿಂತು ಎರಡು ಬೆರಳಿನಲ್ಲಿ ಬಿರುಕು ತೋರಿಸುತ್ತಾನೆ, ಒಬ್ಬ ಲಾಂದ್ರ ಹಿಡಿದು ಬೆಳದಿಂಗಳಾಗುತ್ತಾನೆ. ಸಿಂಹದ ಪಾತ್ರದವನಿಗೆ ಮಾತು ನೆನಪಿಡಲು ಬರುವುದಿಲ್ಲ, ಗರ್ಜನೆ ಅಷ್ಟೇ ತಾನೇ ಎಂದು ಸಮಾಧಾನ ಹೇಳುತ್ತಾರೆ. 25 ಮಕ್ಕಳಿಗೆ ಆರು ಜನರ ನಾಲ್ಕು ತಂಡ, ಉಳಿದ ಒಬ್ಬರು ಸೂತ್ರಧಾರ. ತಂಡಕ್ಕೆ ಹತ್ತು ನಿಮಿಷ ಸಾಕು. ಎಲ್ಲರೂ ಸಿಂಹವೇ ಬೇಕೆನ್ನುತ್ತಾರೆ. ತಾಲೀಮಿನಲ್ಲಿ ದಿನಕ್ಕೊಬ್ಬರು ಸಿಂಹ, ಕೊನೆಯ ದಿನ ಚೀಟಿ ಎತ್ತಿ. ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸಿದರೆ ಸತ್ತುಹೋಗುತ್ತದೆ. ಸಂದರ್ಭ ಹೇಳಿ, ನಿಮ್ಮ ಓಣಿಯ ಮಾತಿನಲ್ಲೇ ಆಡಲು ಬಿಡಿ. ಕುವೆಂಪು ಅವರು ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದದ್ದು ಇದೇ ಧೈರ್ಯದಿಂದ.

ಬೇಸಿಗೆ_ಶಿಬಿರ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ಇಷ್ಟು ಸಿಕ್ಕ ಮೇಲೆ ನಾಲ್ಕು ದಿನ ತುಂಬಿತು. ಎರಡು ಪ್ರಶ್ನೆ ಉಳಿದಿವೆ. ಗ್ಲೋಬ್ ಸುಟ್ಟುಹೋದದ್ದನ್ನು ರಟ್ಟಿನ ಮಾದರಿ ಮಾಡಿ ಸುಟ್ಟು ತೋರಿಸಬಹುದೇ? 23ನೇ ತಾರೀಖಿಗೆ ಏನು ಮಾಡಿಸಲಿ?

ರಂಗದ_ಕೆಲಸ (ಶಹಾಪುರ)

ಸುಡೂದು ಬ್ಯಾಡ್ರಿ. ಏಪ್ರಿಲ್ ಗಾಳಿ, ಒಣ ಹುಲ್ಲು, 25 ಮಕ್ಕಳು. ಅದನ್ನ ಸುದ್ದಿ ಓದೋ ಆಟ ಮಾಡ್ರಿ: ‘1613ರ ಜೂನ್ 29. ಎಂಟನೇ ಹೆನ್ರಿಯ ನಾಟಕ ನಡೆದಿತ್ತು. ರಾಜ ಬರೋ ದೃಶ್ಯಕ್ಕ ತೋಪು ಹಾರಿಸಿದ್ರು. ಕಿಡಿ ಹುಲ್ಲಿನ ಚಾವಣಿಗಿ ಬಿತ್ತು. ಮಂದಿ ಆಟ ನೋಡೂದ್ರಾಗ ಮೈಮರೆತು ಹೊಗಿ ಲೆಕ್ಕಕ್ಕ ಹಿಡೀಲಿಲ್ಲ. ಒಂದು ತಾಸಿನ ಒಳಗ ನಾಟಕಶಾಲಿ ಬೂದಿ. ಒಬ್ಬನ ಚಲ್ಲಣಕ್ಕ ಬೆಂಕಿ ಹತ್ತಿ, ಬಾಟಲಿಯಾಗಿನ ಬಿಯರ್ ಸುರುವಿ ಆರಿಸಿದ್ರು.’ ಇದು ಆ ಕಾಲದ ಪತ್ರದಾಗ ಬರೆದದ್ದು. ಮರುವರ್ಷ ಮತ್ತ ಕಟ್ಟಿದ್ರು, ಈ ಸಲ ಹೆಂಚು ಹೊದಿಸಿದ್ರು.

ಇತಿಹಾಸದ_ಮೇಷ್ಟ್ರು (ಬೀದರ್)

23ಕ್ಕೆ ಪುಸ್ತಕ ಕಟ್ಟಿಸಿ. ಅವನು ತೀರಿಕೊಂಡ ಏಳು ವರ್ಷಕ್ಕೆ, 1623ರಲ್ಲಿ, ಅದೇ ಕಂಪನಿಯ ಇಬ್ಬರು ನಟರು, ಹೆಮಿಂಗ್ಸ್ ಮತ್ತು ಕಾಂಡೆಲ್, 36 ನಾಟಕ ಕೂಡಿಸಿ ಅಚ್ಚು ಹಾಕಿಸಿದರು. ಅದರಲ್ಲಿ 18 ನಾಟಕ ಅದಕ್ಕೂ ಮೊದಲು ಅಚ್ಚೇ ಆಗಿರಲಿಲ್ಲ. ಮ್ಯಾಕ್‌ಬೆತ್, ಟೆಂಪೆಸ್ಟ್, ಟ್ವೆಲ್ಫ್ತ್ ನೈಟ್ ನಮಗೆ ಸಿಕ್ಕದ್ದು ಆ ಪುಸ್ತಕದಿಂದ. ಅವನು ಉಯಿಲಿನಲ್ಲಿ ಇವರಿಬ್ಬರಿಗೂ ಬರ್ಬೇಜ್ ಎಂಬ ನಟನಿಗೂ ನೆನಪಿನ ಉಂಗುರಕ್ಕೆಂದು ಹಣ ಬರೆದಿಟ್ಟಿದ್ದ. ಗೆಳೆಯರು ಎಂದರೆ ಏನು ಎಂದು ಬೇರೆ ಹೇಳಬೇಕಿಲ್ಲ.

ಆ ಪುಸ್ತಕದ ಕಂತೆಯ ರೀತಿಯೇ ಮಾಡಿ. ಮೂರು ಎ3 ಹಾಳೆ ಒಂದರೊಳಗೊಂದು ಇಟ್ಟು ನಡುವೆ ಒಮ್ಮೆ ಮಡಚಿದರೆ ಆರು ಎಲೆ, 12 ಪುಟ. ಎರಡು ಕಂತೆಗೆ 24 ಪುಟ. 24 ಮಕ್ಕಳಿಗೆ ಒಂದೊಂದು, ಸೂತ್ರಧಾರನಿಗೆ ರಕ್ಷಾಪುಟ. ಬರೆಯುವ ಮೊದಲೇ ಮಡಚಿ, ಪೆನ್ಸಿಲ್‌ನಲ್ಲಿ ಪುಟಸಂಖ್ಯೆ ಹಾಕಿಸಿ, ಆಮೇಲೆ ಬಿಚ್ಚಿ ಹಂಚಿ. ಹೊರಗಿನ ಹಾಳೆಯ ಒಂದು ಮೈಯಲ್ಲಿ 12 ಮತ್ತು 1, ಇನ್ನೊಂದರಲ್ಲಿ 2 ಮತ್ತು 11 ಬರುತ್ತದೆ. ನಡುವಿನದರಲ್ಲಿ 10 ಮತ್ತು 3, 4 ಮತ್ತು 9. ಒಳಗಿನದರಲ್ಲಿ 8 ಮತ್ತು 5, 6 ಮತ್ತು 7. ಸಂಖ್ಯೆ ಹಾಕದೆ ಬರೆಸಿದರೆ ಕಥೆ ತಲೆಕೆಳಗಾಗುತ್ತದೆ. ಅಂಚಿನಿಂದ 2 ಸೆಂ.ಮೀ., ಮಡಿಕೆಯಿಂದ 2 ಸೆಂ.ಮೀ. ಖಾಲಿ ಬಿಡಿಸಿ. ಮಾಚಿಕಾಯಿ ಮಸಿ ತೆಳು ಹಾಳೆಯ ಹಿಂದಕ್ಕೆ ಇಳಿಯುತ್ತದೆ, ಆದ್ದರಿಂದ ದಪ್ಪ ಡ್ರಾಯಿಂಗ್ ಹಾಳೆ ತನ್ನಿ.

ಹೊಲಿಗೆಗೆ ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲಿನ ಮತ್ತು ಕೆಳಗಿನ ಅಂಚಿನಿಂದ 5 ಸೆಂ.ಮೀ. ಒಳಗೆ ಒಂದೊಂದು. ದಬ್ಬಣ ನೀವು ಹಿಡಿಯಿರಿ, ಸೂಜಿ ಮಕ್ಕಳಿಗೆ ಕೊಡಿ. ದಾರ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಹೋಗಲಿ, ಮೇಲಿನ ತೂತಿನಿಂದ ಒಳಗೆ ಬರಲಿ, ಒಳಗೇ ಉದ್ದಕ್ಕೆ ಇಳಿದು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಉದ್ದ ದಾರದ ಆಚೆ ಒಂದು ತುದಿ, ಈಚೆ ಒಂದು ತುದಿ ಇಟ್ಟು ಗಂಟು ಹಾಕಿ. ದಾರ ಬಿಗಿಯುವಾಗ ಮಡಿಕೆಯ ಉದ್ದಕ್ಕೇ ಎಳೆಯಬೇಕು, ಮೇಲಕ್ಕೆ ಎಳೆದರೆ ತೂತು ಹರಿಯುತ್ತದೆ.